ಮಾಡಿನ ಹುಳಕ್ಕೆ ವಿಷ ಬೇಡ, ಹಿಡಿಸೂಡಿ ಸಾಕು

ಏಪ್ರಿಲಿನಲ್ಲಿ ಮೊದಲ ಮಳೆ ಬಿದ್ದ ಮರುದಿನ ನನ್ನ ಫೋನಿಗೆ ಬಿಡುವಿಲ್ಲ. ಮುಳ್ಳೇರಿಯದಿಂದ, ಪೆರ್ಲದಿಂದ, ಗಡಿಯಾಚೆ ಸುಳ್ಯದ ಕಡೆಯಿಂದಲೂ ಒಂದೇ ಪ್ರಶ್ನೆ: "ಅಕ್ಕಾ, ಹುಳ ಬಂತು, ಎಂತ ಮಾಡುವುದು?" ಹೇಳಿ ಹೇಳಿ ಸಾಕಾಗಿ ಬರೆಯುತ್ತಿದ್ದೇನೆ. ಇನ್ನೊಂದು ಕಾರಣವೂ ಉಂಟು. ಮನೆಗೆ ವಿಷ ಹೊಡೆಯಲು ಬಿಡದ ಹಠಮಾರಿ ಎಂದು ನೆಂಟರ ನಡುವೆ ನನಗೊಂದು ಹೆಸರು ಬಿದ್ದಿದೆ. ಹಠ ಹಿಡಿದದ್ದು ಹೌದು. ಯಾಕೆ ಎಂದು ಯಾರೂ ಕೇಳಿಲ್ಲ, ನಾನೇ ಹೇಳುತ್ತೇನೆ.

ನಮ್ಮದು ಹಂಚಿನ ಮನೆ. ಹಿಂದಿನ ಗುಡ್ಡೆ ಪಾಲಿನಲ್ಲಿ ಭಾವನಿಗೆ ಹೋಯಿತು. ಅದರಲ್ಲಿದ್ದ ಗೇರು, ಹಲಸು ಎಲ್ಲ ಕಡಿಸಿ, ನಮ್ಮ ಕೊಟ್ಟಿಗೆಯ ಗೋಡೆಯ ತನಕ ರಬ್ಬರ್ ಹಾಕಿದರು. "ಹಾಲು ಬರಲು ಏಳು ವರ್ಷ, ಆಮೇಲೆ ಕೂತು ಉಣ್ಣಬಹುದು" ಎಂದರು. ಹಾಲು ಅವರಿಗೆ ಬಂತು, ಹುಳ ನಮಗೆ ಬಂತು. ಅವರ ಮನೆ ದೂರದಲ್ಲಿ, ರಸ್ತೆ ಬದಿಗೆ. ಟೆರೇಸಿನ ಮನೆ.

ಹುಳ ಅಂದರೆ ಇದೇ, ಮಲಯಾಳದವರು ಓಟೆರುಮ, ಕರಿವಂಡು ಎಂದೆಲ್ಲ ಕರೆಯುವುದು. ಪೇಪರಿನಲ್ಲಿ ಬರುವುದು ಮುಪ್ಲಿ ವಂಡು ಎಂದು, ತ್ರಿಶ್ಶೂರು ಜಿಲ್ಲೆಯ ಮುಪ್ಲಿಯಂ ಎಂಬ ಊರಿನ ಹೆಸರು ಅದಕ್ಕೆ ಅಂಟಿದೆ. ವಿಜ್ಞಾನಿಗಳ ಪ್ರಕಾರ ಲುಪ್ರೋಪ್ಸ್ ಟ್ರಿಸ್ಟಿಸ್. ಒಂದು ಸೆಂಟಿಮೀಟರಿಗಿಂತ ಚಿಕ್ಕದು, ಕಪ್ಪು. ರಬ್ಬರ್ ಮರ ಚಳಿಗಾಲದಲ್ಲಿ ಎಲೆ ಉದುರಿಸುತ್ತದಲ್ಲ, ಆ ತರಗೆಲೆಯೊಳಗೆ ಮೊಟ್ಟೆ ಇಡುತ್ತದೆ. ಮರಿಗಳು ಅಲ್ಲೇ ಬಿದ್ದ ಎಲೆ ತಿಂದು, ಅದರಲ್ಲೂ ಎಳೆಯ ಎಲೆ ಸಿಕ್ಕಿದರೆ ಹಬ್ಬ ಮಾಡಿ, ಬೇಸಗೆ ಮುಗಿಯುವಷ್ಟರಲ್ಲಿ ದೊಡ್ಡವಾಗುತ್ತವೆ. ಮೊದಲ ಮಳೆಗೆ ತೋಟ ಬಿಟ್ಟು ಬೆಳಕಿದ್ದ ಮನೆ ಹುಡುಕುತ್ತವೆ. ಕೋಝಿಕ್ಕೋಡಿನ ದೇವಗಿರಿಯ ಕಾಲೇಜಿನ ಪ್ರಾಣಿಶಾಸ್ತ್ರಜ್ಞ ಸಾಬು ಕೆ. ಥಾಮಸ್ ಮತ್ತು ಜೊತೆಗಾರರು 2008ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಒಂದೊಂದು ಮನೆಗೆ 5 ಲಕ್ಷದಿಂದ 40 ಲಕ್ಷಕ್ಕೂ ಮೇಲೆ ಹುಳ ಸೇರುತ್ತವೆ. ಇದನ್ನು ಓದಿದಾಗ ನನಗೆ ಗಾಬರಿಯಾಗಲಿಲ್ಲ, ಸಮಾಧಾನವಾಯಿತು. ಅಲ್ಲಿಯ ತನಕ ನಾನು ಲಕ್ಷ ಎಂದರೆ ನಗುವವರೇ ಎಲ್ಲ.

ಆ ರಾತ್ರಿ ನಮ್ಮ ಮನೆಯಲ್ಲಿ ಇದ್ದಿದ್ದರೆ ಯಾರೂ ನಗುತ್ತಿರಲಿಲ್ಲ.

ವಿಷು ಕಳೆದು ಕೆಲವು ದಿನ ಆಗಿತ್ತು. ಸಂಜೆ ಗುಡುಗು, ಒಂದು ಜೋರು ಮಳೆ, ಕರೆಂಟು ಹೋಯಿತು. ಸೆಕೆ ಇಳಿಯಿತೆಂದು ಎಲ್ಲರಿಗೂ ಖುಷಿ. ಕರೆಂಟು ಬಂದು ಚಾವಡಿಯ ಟ್ಯೂಬ್‌ಲೈಟ್ ಉರಿದಾಗ ಗೋಡೆಯಲ್ಲಿ ಒಂದೆರಡು ಹುಳ ಕಂಡವು. ಬಟ್ಟಲು ಹಾಕಿ ಬಡಿಸುವಷ್ಟರಲ್ಲಿ ಹಂಚಿನ ಸಂದುಗಳಿಂದ ಸುರಿಯತೊಡಗಿದವು. ಅಟ್ಟದ ಹಲಗೆಯ ಮೇಲೆ ಅಕ್ಕಿ ಚೆಲ್ಲಿದ ಹಾಗೆ ಸದ್ದು. ಸಾರಿನ ಪಾತ್ರೆ ಮುಚ್ಚಿ ತಿರುಗಿದರೆ ಅನ್ನದ ಮೇಲೆ ಹುಳ, ಅನ್ನ ಮುಚ್ಚಿದರೆ ಮಜ್ಜಿಗೆಯಲ್ಲಿ, ದೇವರ ದೀಪದ ಎಣ್ಣೆಯಲ್ಲಿ, ಮಗಳ ಜಡೆಯೊಳಗೆ. ಕಾಲಿಟ್ಟಲ್ಲಿ ಹುಳ ಚಟ್ ಎನ್ನುತ್ತಿತ್ತು. ಆ ವಾಸನೆಗೆ ಮೂಗು ಉರಿದು, ಗಂಟಲಿನಲ್ಲಿ ಏನೋ ಕೂತ ಹಾಗಾಗಿ, ಬಡಿಸಿದ ಅನ್ನವನ್ನು ಯಾರೂ ಮುಟ್ಟಲಿಲ್ಲ.

ಅತ್ತೆಗೆ ಎಂಬತ್ತು ದಾಟಿದೆ. ಸೊಂಟದ ಎಲುಬು ಮುರಿದ ಮೇಲೆ ಮಲಗಿದಲ್ಲೇ. ಅವರಿಗೆ ಸೊಳ್ಳೆಪರದೆ ಕಟ್ಟಿ, ಅಂಚನ್ನೆಲ್ಲ ಹಾಸಿಗೆಯಡಿಗೆ ಸಿಕ್ಕಿಸಿ, ಕೋಣೆಯ ದೀಪ ಆರಿಸಿ ಬಂದಿದ್ದೆ. ಪರದೆ ಕಟ್ಟುವ ಮೊದಲೇ ಹುಳ ದಿಂಬಿನಡಿ ಸೇರಿತ್ತೋ ಏನೋ. ಅರ್ಧರಾತ್ರಿ ಅವರು ಕೂಗಿದರು. ಹತ್ತಿರ ಹೋದರೆ ಕಿವಿಗೆ ಅಂಗೈ ಒತ್ತಿಕೊಂಡು ತಲೆಯನ್ನು ದಿಂಬಿಗೆ ಬಡಿಯುತ್ತಿದ್ದಾರೆ. "ಒಳಗೆ ತೋಡುತ್ತಾ ಉಂಟು, ತೆಗೆ, ತೆಗೆ." ಟಾರ್ಚು ಬಿಟ್ಟರೆ ಏನೂ ಕಾಣುವುದಿಲ್ಲ. ಇವರು ಗಾಬರಿಯಲ್ಲಿ ನನ್ನ ತಲೆಯ ಪಿನ್ನನ್ನೇ ಕಿತ್ತು ಅತ್ತೆಯ ಕಿವಿಗೆ ಹಾಕಹೊರಟರು. ಆ ಕೈಯನ್ನು ನಾನು ಹಿಡಿದುಕೊಂಡ ರಭಸಕ್ಕೆ ಬಳೆ ಒಡೆಯಿತು. ತೆಂಗಿನೆಣ್ಣೆ ಉಗುರು ಬೆಚ್ಚಗೆ ಮಾಡಿ, ಅತ್ತೆಯನ್ನು ಮಗ್ಗುಲಿಗೆ ತಿರುಗಿಸಿ, ಹನಿಹನಿಯಾಗಿ ಬಿಟ್ಟೆ. ಎಣ್ಣೆಯಲ್ಲಿ ಉಸಿರು ಕಟ್ಟುವ ತನಕ ಹುಳ ಇನ್ನೂ ಹೆಚ್ಚು ಒದ್ದಾಡಿತು. ಆಗ ಅತ್ತೆ ನನ್ನನ್ನು ನೋಡಿದ ನೋಟ ನನಗೆ ಬೇಡ. ಮದುವೆಯಾಗಿ ಬಂದಂದಿನಿಂದ ಅವರ ಬಾಯಿಂದ ನೋವು ಎಂಬ ಮಾತು ನಾನು ಕೇಳಿದ್ದಿಲ್ಲ. ಆಮೇಲೆ ಸದ್ದು ನಿಂತಿತು. ಬೆಳಗಾಗುವ ಮೊದಲೇ ಜೀಪು ಮಾಡಿ ಕಾಸರಗೋಡಿಗೆ ಕರೆದುಕೊಂಡು ಹೋದೆವು. ಡಾಕ್ಟರು ತೆಗೆದಾಗ ಹುಳ ತುಂಡುತುಂಡಾಗಿ ಬಂತು. ಕುತ್ತಿಗೆಯಲ್ಲಿ ಇನ್ನೊಂದನ್ನು ಅವರೇ ಉಜ್ಜಿ ಕೊಂದಿದ್ದರು. ಆ ಜಾಗ ಸುಟ್ಟ ಹಾಗೆ ಬೊಬ್ಬೆ ಎದ್ದು, ಕಪ್ಪು ಕಲೆ ತುಂಬ ದಿನ ಇತ್ತು.

ಮರುದಿನ ಭಾವ ಬಂದರು, ತಾಯಿಯನ್ನು ನೋಡಲು. "ಹುಳ ಅಲ್ವಾ, ಹುಲಿ ಅಲ್ಲವಲ್ಲ" ಎಂದರು.

ನಾನು ಕೃಷಿ ಕಚೇರಿಗೆ ಹೋದೆ. ಅಲ್ಲಿದ್ದ ಅಧಿಕಾರಿ ಫೈಲಿನಿಂದ ತಲೆ ಎತ್ತಲಿಲ್ಲ. ರಬ್ಬರ್ ತಮಗೆ ಸಂಬಂಧಪಟ್ಟದ್ದಲ್ಲವಂತೆ, ಮನೆಯೊಳಗಿನ ಹುಳ ಕೃಷಿಯೂ ಅಲ್ಲವಂತೆ. ಹಾಗಾದರೆ ಅತ್ತೆಯ ಕಿವಿ ಯಾವ ಇಲಾಖೆಗೆ ಸೇರಿದ್ದು ಎಂದು ಕೇಳಿದ್ದಕ್ಕೆ ಸಿಟ್ಟಿನಿಂದ ಒಂದು ಚೀಟಿಯಲ್ಲಿ ಮದ್ದಿನ ಹೆಸರು ಬರೆದುಕೊಟ್ಟರು. "ಅಟ್ಟಕ್ಕೆ ಚೆನ್ನಾಗಿ ಸ್ಪ್ರೇ ಮಾಡಿಸಿ, ಒಂದೂ ಉಳಿಯುವುದಿಲ್ಲ."

ಕಾಸರಗೋಡಿನಲ್ಲಿ ಕೂತು ಹೇಳುವ ಮಾತಾ ಇದು? ಎಪ್ಪತ್ತರ ದಶಕದ ಕೊನೆಯಿಂದ 2000ದ ತನಕ ನಮ್ಮ ಗುಡ್ಡೆಗಳ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಅದೂ ಒಂದು ಕೀಟಕ್ಕೇ, ಗೇರಿನ ಚಿಗುರು ಹೀರುವ ಟೀ ಸೊಳ್ಳೆಗೆ. ಪಡ್ರೆಯಲ್ಲಿ ಡಾ. ವೈ.ಎಸ್. ಮೋಹನ್ ಕುಮಾರ್ ತಮ್ಮಲ್ಲಿಗೆ ಬರುವ ಕಾಯಿಲೆಗಳನ್ನು ಕಂಡು ಇದು ಸಹಜವಲ್ಲ ಎಂದು ಕೂಗಿ ಹೇಳಬೇಕಾಯಿತು. ಸುಪ್ರೀಂ ಕೋರ್ಟು ಆ ವಿಷವನ್ನು ದೇಶದಲ್ಲೆಲ್ಲ ತಡೆದದ್ದು 2011ರಲ್ಲಿ. ಅದರ ನೀರು ಕುಡಿದ ಮನೆಗಳು ನಮ್ಮ ನೆಂಟರಲ್ಲೇ ಉಂಟು. ಅಂಥ ಊರಿನಲ್ಲಿ, ಅಡಿಗೆಮನೆಯ ನೆತ್ತಿಯ ಮೇಲೆ, ಎದ್ದು ಹೋಗಲಾಗದ ಮುದುಕಿಯ ಹಾಸಿಗೆಯ ಮೇಲೆ ಮದ್ದು ಹೊಡೆಯಬೇಕು!

ಭಾವ ಪಂಪು, ಆಳು ಎರಡನ್ನೂ ಕಳಿಸಿದರು. ಉಪಕಾರ ಮಾಡುವ ಉಮೇದು. ನಾನು ಅಟ್ಟದ ಏಣಿ ತೆಗೆದು ಕೊಟ್ಟಿಗೆಯಲ್ಲಿಟ್ಟು ಬೀಗ ಹಾಕಿದೆ. "ನಿನಗೆ ಹುಳ ಬೇಕು ಅಂತ ಕಾಣ್ತದೆ" ಎಂದರು. "ಭಾವಾ, ಹುಳ ನಿಮ್ಮದು, ಬೇಕಿದ್ದರೆ ವಾಪಸು ಕಳಿಸುತ್ತೇನೆ" ಎಂದೆ. ಅಂದಿನಿಂದ ಅವರ ಮನೆಯವರು ನನ್ನಲ್ಲಿ ಮಾತು ಕಡಿಮೆ. ವಿಷ ಹೊಡೆಸಿದ ಆಚೆಮನೆಯಲ್ಲಿ ಏನಾಯಿತು? ಸತ್ತ ಹುಳ ಮಳೆಗಾಲವಿಡೀ ಅಟ್ಟದಿಂದ ಉದುರುತ್ತಿತ್ತು, ಮುಂದಿನ ಮಳೆಗೆ ತೋಟದಿಂದ ಬೇರೆ ಹುಳ ಬಂತು.

ಈಗ ನಾನು ಮಾಡುವುದನ್ನು ಹೇಳುತ್ತೇನೆ. ದೊಡ್ಡ ವಿದ್ಯೆಯೇನಲ್ಲ.

ಮೊದಲ ಮಳೆಯ ಸೂಚನೆ ಕಂಡ ದಿನ ಮುಸ್ಸಂಜೆಗೇ ಅಂಗಳದ, ಜಗಲಿಯ ದೀಪ ಆರಿಸಿ. ಊಟ ಬೆಳಕಿರುವಾಗಲೇ ಮುಗಿಸಿ. ಅಂಗಳದ ಆಚೆ ತುದಿಯಲ್ಲಿ ಒಂದೇ ಒಂದು ಪ್ರಖರವಾದ ಬಲ್ಬು ಕಟ್ಟಿ, ಅದರಡಿಗೆ ಅಗಲ ಬಾಯಿಯ ಪಾತ್ರೆಯಲ್ಲಿ ಸಾಬೂನು ನೀರು ಇಟ್ಟು ಸ್ವಲ್ಪ ಚಿಮಿಣಿ ಎಣ್ಣೆ ಬಿಡಿ. ಎಲ್ಲವೂ ಬೀಳುವುದಿಲ್ಲ, ಆದರೆ ಮನೆಗೆ ಬರುವುದು ಕಡಿಮೆಯಾಗುತ್ತದೆ.

ಹುಳವನ್ನು ಮೆಟ್ಟಬೇಡಿ, ಉಜ್ಜಬೇಡಿ. ಅದು ಕಚ್ಚುವುದಿಲ್ಲ, ಸುಡುವುದು ಅದರ ಮೈಯಿಂದ ಬರುವ ರಸ. ತಾಗಿದರೆ ಕೂಡಲೇ ಸಾಬೂನು ಹಾಕಿ ತೊಳೆಯಿರಿ. ಮಲಗುವಾಗ ಮಕ್ಕಳ, ಮುದುಕರ ಕಿವಿಗೆ ಬಟ್ಟೆ ಕಟ್ಟಿ, ದಿಂಬು ಕೊಡವಿ. ಕಿವಿಗೆ ಹೊಕ್ಕರೆ ಕಡ್ಡಿ, ಪಿನ್ನು ಹಾಕಲೇಬೇಡಿ. ಕಿವಿಯ ತಮಟೆ ತೂತಾದವರಿಗೆ ಎಣ್ಣೆಯೂ ಸಲ್ಲದು, ನೇರ ಡಾಕ್ಟರಲ್ಲಿಗೆ ಹೋಗಿ.

ಮುಖ್ಯವಾದದ್ದು ಆಟಿ ತಿಂಗಳಿನ ಕೆಲಸ. ಮನೆ ಸೇರಿದ ಹುಳ ಡಿಸೆಂಬರಿನ ತನಕ ತಿನ್ನದೆ, ಮೊಟ್ಟೆ ಇಡದೆ, ರೀಪು ಪಕ್ಕಾಸುಗಳ ಸಂದಿಯಲ್ಲಿ ಗುಂಪುಗುಂಪಾಗಿ ಬಿದ್ದಿರುತ್ತದೆ. ಎಲ್ಲರೂ ಬಂದ ರಾತ್ರಿಯೇ ಯುದ್ಧಕ್ಕೆ ಹೋಗುತ್ತಾರೆ. ಮಲಗಿದ ಮೇಲೆ ಹೋಗಬೇಕು. ಕೈಗೆ ತೆಂಗಿನೆಣ್ಣೆ, ಉದ್ದ ತೋಳಿನ ಅಂಗಿ, ಮುಖಕ್ಕೆ ಬಟ್ಟೆ. ಕೆಳಗೆ ಟರ್ಪಾಲು ಹಾಸಿ, ಹಿಡಿಸೂಡಿಯಲ್ಲಿ ಗುಂಪನ್ನೇ ಇಳಿಸಿ, ಬಕೆಟಿನ ಸಾಬೂನು ನೀರಿಗೆ ಸುರಿದು, ಆಮೇಲೆ ಹೊಂಡ ತೋಡಿ ಮುಚ್ಚಿ.

ಓಹಾಯೋದಲ್ಲಿರುವ ತಂಗಿಯ ಮಗನಿಗೆ ಈ ಕತೆ ಹೇಳಿದರೆ, ಅಲ್ಲಿ ಅಕ್ಟೋಬರಿನಲ್ಲಿ ಗುಲಗಂಜಿ ಹುಳ ಹೀಗೆಯೇ ಮನೆಗೆ ನುಗ್ಗುತ್ತದೆ ಎಂದ. ಬೆಳೆಯ ಹೇನು ತಿನ್ನಲಿ ಎಂದು ಏಷ್ಯಾದಿಂದ ತಂದು ಬಿಟ್ಟ ಜಾತಿಯಂತೆ, ಈಗ ಚಳಿಗೆ ಕಿಟಕಿ ಸಂದು ಸೇರುತ್ತದೆ. ಅದನ್ನೂ ಅರೆದರೆ ಹಳದಿ ಕಲೆ, ನಾತ. ಅವರು ವ್ಯಾಕ್ಯೂಮಿನ ಕೊಳವೆಯ ಬಾಯಿಗೆ ಹಳೆಯ ಸ್ಟಾಕಿಂಗ್ ತುರುಕಿ ಹುಳ ಎಳೆದು, ಗಂಟು ಕಟ್ಟಿ ಹೊರಗೆ ಹಾಕುತ್ತಾರಂತೆ. ನಾನೂ ಪ್ರಯತ್ನಿಸಿದೆ, ಚೆನ್ನಾಗಿ ಆಗುತ್ತದೆ, ಕರೆಂಟು ಇದ್ದರೆ.

ಇನ್ನುಳಿದದ್ದು ತೋಟದವರ ಕೆಲಸ. ಮನೆಗಳ ಹತ್ತಿರದ ಒಂದಷ್ಟು ಸಾಲಿನಲ್ಲಾದರೂ ಜನವರಿ, ಫೆಬ್ರವರಿಯ ತರಗೆಲೆ ಗುಡಿಸಿ ಒಳತೋಟಕ್ಕೆ ಹಾಕಿದರೆ ಮಣ್ಣಿಗೂ ನಷ್ಟವಿಲ್ಲ, ನಮಗೂ ಉಸಿರಾಡಬಹುದು. ಭಾವನಿಗೆ ಇದನ್ನು ಹೇಳಿಕಳಿಸಿದ್ದೇನೆ. "ನೋಡುವ" ಎಂದಿದ್ದಾರೆ. ಪಾಲಾದಂದಿನಿಂದ ಅವರು ನೋಡುತ್ತಲೇ ಇದ್ದಾರೆ.