ಶಿಶಿಕ್ಷುವಿನ ಮೊದಲ ತಿಂಗಳು: ಮುಂಬಯಿಯಲ್ಲಿ ವಾಸ, ಪ್ರಯಾಣ, ತರಬೇತಿ

ವ್ಯಾಸಂಗ ಮುಗಿಸಿ ಶಿಶಿಕ್ಷುಗಳಾಗಿ, ಅಂದರೆ ಅಪ್ರೆಂಟಿಸ್‌ಗಳಾಗಿ, ಮುಂಬಯಿಗೆ ಬರುವ ಕನ್ನಡಿಗ ತರುಣ ತರುಣಿಯರು ಎರಡು ಪಾಠಗಳನ್ನು ಒಟ್ಟಿಗೆ ಕಲಿಯಬೇಕಾಗುತ್ತದೆ. ಒಂದು ವೃತ್ತಿಯ ಪಾಠ. ಇನ್ನೊಂದು ಉಪನಗರ ರೈಲಿನ ಪಾಠ. ಎರಡನೆಯದಕ್ಕೆ ಶಿಕ್ಷಕರಿಲ್ಲ. ಆದುದರಿಂದ ಅದನ್ನು ಮುಂಚಿತವಾಗಿ ತಿಳಿದಿರುವುದು ಅವಶ್ಯಕ.

ವಾಸಸ್ಥಳದ ಆಯ್ಕೆ

ಮನೆಗೂ ತರಬೇತಿಯ ಸ್ಥಳಕ್ಕೂ ಇರುವ ದೂರಕ್ಕಿಂತ, ಅವೆರಡೂ ಯಾವ ರೈಲು ಮಾರ್ಗದಲ್ಲಿವೆ ಎಂಬುದು ಮುಖ್ಯ. ಪಶ್ಚಿಮ ಮಾರ್ಗವು ಚರ್ಚ್‌ಗೇಟಿನಿಂದ ಅಂಧೇರಿ, ಬೊರಿವಲಿಗಳ ಮೂಲಕ ವಿರಾರ್‌ನತ್ತ ಸಾಗುತ್ತದೆ. ಮಧ್ಯ ಮಾರ್ಗವು ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್‌ನಿಂದ ಠಾಣೆ, ಡೊಂಬಿವಲಿ, ಕಲ್ಯಾಣಗಳಿಗೂ, ಹಾರ್ಬರ್ ಮಾರ್ಗವು ಅಲ್ಲಿಂದಲೇ ವಾಶಿ, ಪನ್ವೇಲ್‌ಗಳಿಗೂ ಹೋಗುತ್ತವೆ. ಪಶ್ಚಿಮ ಮತ್ತು ಮಧ್ಯ ಮಾರ್ಗಗಳು ದಾದರ್‌ನಲ್ಲಿ, ಮಧ್ಯ ಮತ್ತು ಹಾರ್ಬರ್ ಮಾರ್ಗಗಳು ಕುರ್ಲಾದಲ್ಲಿ ಕೂಡುತ್ತವೆ.

ಡೊಂಬಿವಲಿಯ ಬಂಧುಗಳ ಮನೆಯಲ್ಲಿ ಉಳಿದು ಅಂಧೇರಿ ಪೂರ್ವದಲ್ಲಿ ತರಬೇತಿ ಪಡೆಯುವವರು ದಾದರ್‌ವರೆಗೆ ಹೋಗಿ ಹಿಂದಿರುಗಬೇಕಾಗಿಲ್ಲ. ಘಾಟ್ಕೋಪರ್‌ನಲ್ಲಿ ಇಳಿದು, 2014ರಲ್ಲಿ ಆರಂಭವಾದ ಮೆಟ್ರೊ ಹಿಡಿಯಬಹುದು. ತರಬೇತಿ ತುರ್ಭೆಯಲ್ಲಿದ್ದರೆ ಠಾಣೆಯಲ್ಲಿ ಟ್ರಾನ್ಸ್ ಹಾರ್ಬರ್ ರೈಲಿಗೆ ಬದಲಾಯಿಸಬೇಕು. ಮುಂಗಡ ಹಣ ಕೊಡುವ ಮೊದಲು ಕೆಲಸದ ದಿನವೊಂದರ ಬೆಳಿಗ್ಗೆ ಒಮ್ಮೆ ಪ್ರಯಾಣ ಮಾಡಿ ನೋಡುವುದು ಒಳ್ಳೆಯದು. ಭಾನುವಾರದ ಅನುಭವದಿಂದ ಅಂದಾಜು ಮಾಡಬಾರದು. ಅಂದು ಜನಸಂದಣಿ ಕಡಿಮೆ, ಹಳಿಗಳ ದುರಸ್ತಿಗಾಗಿ ಕೆಲವು ರೈಲುಗಳು ರದ್ದಾಗುವುದೂ ಉಂಟು.

ಪ್ರಯಾಣ

ಪ್ರತಿದಿನ ಟಿಕೆಟ್ ಕೊಳ್ಳುವುದಕ್ಕಿಂತ ಮಾಸಿಕ ಇಲ್ಲವೆ ತ್ರೈಮಾಸಿಕ ಪಾಸು ಬಹಳ ಅಗ್ಗ. ಎರಡನೆಯ ದರ್ಜೆಯ ಪಾಸಿನಲ್ಲಿ ಮೊದಲನೆಯ ದರ್ಜೆಯ ಡಬ್ಬಿ ಹತ್ತಿದರೆ ದಂಡ ತೆರಬೇಕಾಗುತ್ತದೆ. ಮಹಿಳೆಯರಿಗೆ ಪ್ರತ್ಯೇಕ ಡಬ್ಬಿಗಳಿವೆ. ಪ್ಲಾಟ್‌ಫಾರ್ಮಿನ ಫಲಕದಲ್ಲಿ ಕೊನೆಯ ನಿಲ್ದಾಣ, ಸಮಯ ಹಾಗೂ ರೈಲು ನಿಧಾನದ್ದೋ ವೇಗದ್ದೋ ಎಂಬುದು ಕಾಣುತ್ತದೆ. ವೇಗದ ರೈಲು ಎಲ್ಲ ನಿಲ್ದಾಣಗಳಲ್ಲಿ ನಿಲ್ಲುವುದಿಲ್ಲ. ಇಳಿಯುವ ಬದಿ ಯಾವುದೆಂದು ಸಹಪ್ರಯಾಣಿಕರನ್ನು ಕೇಳಿ, ಒಂದೆರಡು ನಿಲ್ದಾಣ ಮೊದಲೇ ಬಾಗಿಲಿನತ್ತ ಸರಿಯತಕ್ಕದ್ದು.

ಈ ಉಪನಗರ ರೈಲುಗಳ ಹಳಿಗಳ ಮೇಲೆ 2023 ಮತ್ತು 2024ರಲ್ಲಿ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಹಳಿ ದಾಟುವುದು, ತುಂಬಿದ ರೈಲಿನಿಂದ ಬೀಳುವುದು ಇದರ ಮುಖ್ಯ ಕಾರಣಗಳು. ಹಳಿ ದಾಟುವುದು 1989ರ ರೈಲ್ವೆ ಅಧಿನಿಯಮದ ಪ್ರಕಾರ ಅಪರಾಧವೂ ಹೌದು. ಮೇಲ್ಸೇತುವೆಯನ್ನೇ ಬಳಸಿರಿ. ಬಾಗಿಲಲ್ಲಿ ಜೋತುಬೀಳಬೇಕಾದಷ್ಟು ತುಂಬಿದ ರೈಲನ್ನು ಬಿಟ್ಟು ಮುಂದಿನದನ್ನು ಹಿಡಿಯಿರಿ. ತೊಂದರೆಯಾದಾಗ 139ಕ್ಕೆ ಕರೆ ಮಾಡಬಹುದು.

ತರಬೇತಿಯ ಒಪ್ಪಂದ

ಹೊಸಬರನ್ನು ಅಪಾಯಕ್ಕೆ ದೂಡುವುದು ಬಹುಮಟ್ಟಿಗೆ ತಡವಾದೀತೆಂಬ ಭಯ. ಹಾಜರಿಯ ವೇಳೆ, ತಡವಾದರೆ ಅನುಸರಿಸುವ ಕ್ರಮ, ರಜೆ ಇವುಗಳನ್ನು ಮೊದಲ ದಿನವೇ ಮೇಲ್ವಿಚಾರಕರಿಂದ ಕೇಳಿ ತಿಳಿದರೆ ಈ ಭಯ ಕಡಿಮೆಯಾಗುತ್ತದೆ.

1961ರ ಅಪ್ರೆಂಟಿಸ್ ಅಧಿನಿಯಮದನ್ವಯ ತರಬೇತಿಗೆ ಲಿಖಿತ ಒಪ್ಪಂದವಿರಬೇಕು ಹಾಗೂ ಅದು ನೋಂದಣಿಯಾಗಬೇಕು. ಶಿಶಿಕ್ಷು ಅಪ್ರಾಪ್ತ ವಯಸ್ಕನಾಗಿದ್ದರೆ ಪೋಷಕರು ಒಪ್ಪಂದ ಮಾಡಿಕೊಳ್ಳುತ್ತಾರೆ. ನಿಗದಿಯಾದ ಕನಿಷ್ಠ ದರಕ್ಕೆ ಕಡಿಮೆಯಿಲ್ಲದ ಶಿಷ್ಯವೇತನವನ್ನು ಮಾಲೀಕರು ಕೊಡಬೇಕು. ತಯಾರಿಸಿದ ಸಾಮಾನಿನ ಎಣಿಕೆಯ ಮೇಲೆ ಕೊಡುವಂತಿಲ್ಲ. ಅಪ್ರೆಂಟಿಸ್ ಸಲಹೆಗಾರರ ಅನುಮೋದನೆಯಿಲ್ಲದೆ ಹೆಚ್ಚುವರಿ ವೇಳೆ ದುಡಿಸುವಂತಿಲ್ಲ. ತರಬೇತಿಯ ವೇಳೆ ತರಬೇತಿಯ ಕಾರಣದಿಂದ ಅಪಘಾತವಾಗಿ ಗಾಯವಾದರೆ ಪರಿಹಾರದ ಹೊಣೆ ಮಾಲೀಕರದು. ಒಪ್ಪಂದದ ಬಗ್ಗೆ ವಿವಾದ ಹುಟ್ಟಿದರೆ ಅದನ್ನು ಅಪ್ರೆಂಟಿಸ್ ಸಲಹೆಗಾರರ ಮುಂದಿಡಬಹುದು.

ಕಾಲೇಜಿನ ಪಠ್ಯಕ್ರಮದ ಭಾಗವಾದ ಇಂಟರ್ನ್‌ಷಿಪ್ ಸಾಮಾನ್ಯವಾಗಿ ಈ ಅಧಿನಿಯಮಕ್ಕೆ ಒಳಪಡುವುದಿಲ್ಲ. ಅಂಥವರು ಅವಧಿ, ವೇಳೆ, ಭತ್ಯೆಗಳನ್ನು ನಮೂದಿಸಿದ ಪತ್ರವನ್ನು ಊರಿನಿಂದ ಹೊರಡುವ ಮುನ್ನವೇ ಪಡೆದಿಟ್ಟುಕೊಳ್ಳಬೇಕು. ಪತ್ರದ ಒಂದು ಪ್ರತಿ ಮನೆಯವರ ಬಳಿಯೂ ಇರಲಿ.