ಗುಣವಾಗದ ಕಾಯಿಲೆ: ಮನಸ್ಸಿನ ಆರೈಕೆ

“ಸಿಸ್ಟರ್, ಇವರಿಗೆ ಕಾಯಿಲೆ ವಿಷಯ ಹೇಳಬೇಡಿ” ಎಂದು ಬಂಧುಗಳು ಕೇಳಿಕೊಳ್ಳುವುದು ಸಾಮಾನ್ಯ. ಆದರೆ ಅನೇಕ ರೋಗಿಗಳು ಮನೆಯವರ ಮುಖ ನೋಡಿಯೇ ತಿಳಿದಿರುತ್ತಾರೆ. ಎಲ್ಲರೂ ಮುಚ್ಚಿಟ್ಟರೆ ಅವರು ಒಂಟಿಯಾಗುತ್ತಾರೆ. “ಏನು ಚಿಂತೆ?” ಎಂದು ಕೇಳಿ, ಕೈ ಹಿಡಿದು ಸುಮ್ಮನೆ ಕುಳಿತುಕೊಳ್ಳಿ. ಮಗಳ ಮದುವೆ, ಬೋರ್‌ವೆಲ್ ಸಾಲ, ಮಾತು ಬಿಟ್ಟ ತಮ್ಮ, ಇಂಥವೇ ಹೊರಬರುತ್ತವೆ. ಅದೂ ಹೆಚ್ಚಾಗಿ ರಾತ್ರಿ ಹೊತ್ತಿನಲ್ಲಿ. ಮನಸ್ಸಿನ ಭಾರ ಮೈನೋವನ್ನೂ ಹೆಚ್ಚಿಸುತ್ತದೆ.

ಬೆಂಗಳೂರಿನ ಕರುಣಾಶ್ರಯದಲ್ಲಿ 1999ರಿಂದ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳಿಗೆ ಉಚಿತ ಆರೈಕೆಯಿದೆ. ಮನೆಯವರಿಗೂ ಆಪ್ತಸಲಹೆ ಉಂಟು. ಕುದಾಪುರದವರಿಗೆ ಬೆಂಗಳೂರು ದೂರ. ಆದರೆ ನೋವಿನ ಔಷಧಿಯನ್ನು ವೈದ್ಯರು ಹೇಳಿದ ಹೊತ್ತಿಗೆ ಕೊಡುತ್ತಿದ್ದರೆ, ಉಳಿದ ಆರೈಕೆಯ ಬಹುಪಾಲು ನಿಮ್ಮ ಪಡಸಾಲೆಯಲ್ಲೇ ಆಗುತ್ತದೆ.

ಏಳಲಾಗದವರು ಇಷ್ಟಲಿಂಗ ಪೂಜೆ ಬಯಸಿದರೆ ಹಾಸಿಗೆಯಲ್ಲೇ ಒರಗಿಸಿ ಕೂರಿಸಿ, ಅಂಗೈಗೆ ಆಸರೆ ಕೊಡಿ. ಅನ್ಯಧರ್ಮದವರಿಗೆ ಅವರವರ ಪ್ರಾರ್ಥನೆ. ಬೇಡವೆಂದವರಿಗೆ ಒತ್ತಾಯ ಬೇಡ. “ಕರ್ಮದ ಫಲ” ಎಂಬ ಮಾತಂತೂ ಹಾಸಿಗೆಯ ಬಳಿ ಸುಳಿಯಬಾರದು.

ತೀರಿಕೊಂಡ ಮೇಲೆ ಶಿವಗಣಾರಾಧನೆ ಮುಗಿದು ನೆಂಟರು ಹೊರಟಾಗಲೇ ಮನೆಯವರಿಗೆ ದುಃಖ ಹೆಚ್ಚು. ಆಗ ಹೋಗಿ ಬನ್ನಿ. ಮಕ್ಕಳಿಗೆ “ಊರಿಗೆ ಹೋಗಿದ್ದಾರೆ” ಎನ್ನದೆ ನಿಜ ಹೇಳಿ. ಊಟ-ನಿದ್ರೆ ವಾರಗಟ್ಟಲೆ ತಪ್ಪಿದರೆ ವೈದ್ಯರಿಗೆ ತೋರಿಸಿ. ಸಾಯುವ ಮಾತಾಡಿದರೆ ಒಬ್ಬರನ್ನೇ ಬಿಡದೆ ಅಂದೇ ಆಸ್ಪತ್ರೆಗೆ ಕರೆತನ್ನಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು-ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡುತ್ತಾರೆ.