ಟೊಮೆಟೊ ನಾಟಿಗೆ ಮುಂಚೆ

ತಳದ ಎಲೆಗಳಲ್ಲಿ ಉಂಗುರದೊಳಗೆ ಉಂಗುರ ಬರೆದಂಥ ಕಂದು ಚುಕ್ಕೆ ಕಂಡೊಡನೆ ಔಷಧಿ ಅಂಗಡಿಗೆ ಓಡುವುದು ನಮ್ಮ ರೂಢಿ. ಆದರೆ ಅಂಗಮಾರಿ, ಬುಡಕೊಳೆ, ಸೊರಗು ರೋಗಗಳಿಗೆ ತಡೆ ಹಾಕುವ ಕೆಲಸ ನಾಟಿಗೆ ಮುಂಚೆಯೇ ಶುರುವಾಗಬೇಕು.

ಚೆನ್ನಾಗಿ ಕಳಿತ 100 ಕಿಲೋ ಕೊಟ್ಟಿಗೆ ಗೊಬ್ಬರಕ್ಕೆ ಒಂದು ಕಿಲೋ ಟ್ರೈಕೋಡರ್ಮಾ ಎಂಬ ಮಿತ್ರ ಶಿಲೀಂಧ್ರದ ಪುಡಿ, ಜೊತೆಗೆ ಒಂದಿಷ್ಟು ಬೇವಿನ ಹಿಂಡಿ ಬೆರೆಸಿ. ನೆರಳಲ್ಲಿ ಗುಡ್ಡೆ ಮಾಡಿ, ಹಸಿ ಗೋಣಿಚೀಲ ಹೊದಿಸಿ. ಹಿಡಿಯಲ್ಲಿ ಹಿಂಡಿದರೆ ಉಂಡೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಎರಡು ವಾರದೊಳಗೆ ಬಿಳಿ ಬೂಷ್ಟು ಹರಡಿ, ಮೇಲೆ ಹಸಿರು ಪುಡಿ ಉದುರಿಸಿದಂತೆ ಕಾಣುತ್ತದೆ. ಆ ಹಸಿರೇ ನಿಮ್ಮ ಕಾವಲುಗಾರ: ರೋಗದ ಶಿಲೀಂಧ್ರದ ಎಳೆಗಳಿಗೆ ಸುತ್ತಿಕೊಂಡು, ಅವುಗಳ ಗೋಡೆ ಕರಗಿಸಿ ತಿಂದುಹಾಕುತ್ತದೆ. ಈ ಗೊಬ್ಬರವನ್ನು ಸಾಲಿಗೆ ಕೊಟ್ಟ ಮೇಲೆ ಅದೇ ಬುಡಕ್ಕೆ ರಾಸಾಯನಿಕ ಶಿಲೀಂಧ್ರನಾಶಕ ಸುರಿದರೆ ಕಾವಲುಗಾರನನ್ನೇ ಕೊಂದಂತೆ. ಟ್ರೈಕೋಡರ್ಮಾ ಪೊಟ್ಟಣದ ಮೇಲಿನ ಅವಧಿ ಮುಗಿಯುವ ದಿನಾಂಕವನ್ನೂ ನೋಡಿ. ಬಿಸಿಲಲ್ಲಿ ಒಣಗಿದ ಹಳೇ ಮಾಲಿಗೆ ದುಡ್ಡು ದಂಡ.

ನಾಟಿಯಾದ ಮೇಲೆ ಗಿಡಕ್ಕೆ ಕೋಲು ಕಟ್ಟಿ, ಮಣ್ಣಿಗೆ ತಾಗುವ ಎಲೆ ಚಿವುಟಿ, ನೀರನ್ನು ಹನಿಯಲ್ಲೇ ಬುಡಕ್ಕೆ ಕೊಡಿ. ನಾಟಿಗೆ ಆಲೂಗಡ್ಡೆ, ಬದನೆ, ಮೆಣಸಿನಕಾಯಿ ಬೆಳೆದಿದ್ದ ಜಾಗ ಬೇಡ. ರಾಗಿ, ಜೋಳದ ಹೊಲವಾದರೆ ಒಳ್ಳೆಯದು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ (ಐಐಎಚ್ಆರ್) ಬಿಡುಗಡೆ ಮಾಡಿದ ಅರ್ಕಾ ರಕ್ಷಕ್ ತಳಿಗೆ ಎಲೆಗೆ ಉಂಗುರ ಚುಕ್ಕೆ ತರುವ ಅಂಗಮಾರಿಯನ್ನು ತಡೆದುಕೊಳ್ಳುವ ಗುಣವಿದೆ.

ಒಂದು ಮಾತು ಮುಚ್ಚಿಡಬಾರದು. ದಿನಗಟ್ಟಲೆ ಮೋಡ, ಜಿಟಿಜಿಟಿ ಮಳೆ ಹಿಡಿದು, ನೀರಲ್ಲಿ ಬೇಯಿಸಿದಂಥ ಕಲೆಗಳು ಎಲೆಗೆ ಬಂದರೆ ಟ್ರೈಕೋಡರ್ಮಾ ಒಂದನ್ನೇ ನಂಬಿ ಕೂರಬೇಡಿ. ಅವತ್ತೇ ಕೃಷಿ ವಿಜ್ಞಾನ ಕೇಂದ್ರಕ್ಕೆ ಎಲೆ ತೋರಿಸಿ.